ಚಿತ್ರದಿಂದ ಸಸ್ಯನಿರ್ಣಯ: ಮಲಬಾರಿನ ಉದ್ಯಾನದಿಂದ ಇಂದಿನ ಛಾಯಾಚಿತ್ರದವರೆಗೆ

ಗಿಡವನ್ನು ಕೈಯಲ್ಲಿ ಹಿಡಿಯದೆ, ಅದರ ಚಿತ್ರವೊಂದನ್ನೇ ನೋಡಿ, ಅದು ಇಂಥ ಸಸ್ಯವೆಂದು ನಿರ್ಣಯಿಸುವುದು ಎಷ್ಟರ ಮಟ್ಟಿಗೆ ಸಾಧ್ಯ? ಆ ನಿರ್ಣಯದಲ್ಲಿ ಶಾಸ್ತ್ರಜ್ಞರಲ್ಲದವರ ಪಾಲು ಎಷ್ಟು? ಇಂದು ಲಕ್ಷಾಂತರ ಜನರು ತಮ್ಮ ಕೈಫೋನಿನಿಂದ ಹೂವು ಎಲೆಗಳ ಛಾಯಾಚಿತ್ರಗಳನ್ನು ತೆಗೆದು, ಹೆಸರು ಹೇಳಿರೆಂದು ಅಂತರಜಾಲದ ಮೂಲಕ ಅಪರಿಚಿತರನ್ನು ಕೇಳುತ್ತಿದ್ದಾರೆ, ಉತ್ತರವನ್ನೂ ಪಡೆಯುತ್ತಿದ್ದಾರೆ. ಈ ಕಾರ್ಯಕ್ಕೆ ನಾಗರಿಕ ವಿಜ್ಞಾನವೆಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಕಾರ್ಯವು ಹಳೆಯದು. ಅದು ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಮೂರೂವರೆ ಶತಮಾನಗಳ ಹಿಂದೆ ಬಹು ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಆ ಪರಂಪರೆಯ ಮುಖ್ಯ ಘಟ್ಟಗಳನ್ನು ಪರಿಶೀಲಿಸಿ, ಅದರಿಂದ ಇಂದಿನ ಕಾರ್ಯಕ್ಕೆ ದೊರೆಯುವ ಪಾಠಗಳನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

೧. ಹೋರ್ಟಸ್ ಮಲಬಾರಿಕಸ್

1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ ಕಂಪನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತನು ಮಲಬಾರಿನ ಸಸ್ಯಗಳನ್ನೆಲ್ಲ ಚಿತ್ರಸಹಿತವಾಗಿ ದಾಖಲೆ ಮಾಡಲು ತೊಡಗಿದನು. ಆತನು ವೃತ್ತಿಯಿಂದ ಸೈನಿಕ ಮತ್ತು ಆಡಳಿತಗಾರ. ಸಸ್ಯಶಾಸ್ತ್ರದಲ್ಲಿ ಶಿಕ್ಷಣ ಪಡೆದವನಲ್ಲ. ಆತನ ಪ್ರಯತ್ನದ ಫಲವಾದ 'ಹೋರ್ಟಸ್ ಮಲಬಾರಿಕಸ್' ಎಂಬ ಲ್ಯಾಟಿನ್ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ 742 ಸಸ್ಯಗಳ ವರ್ಣನೆಯಿದೆ. ಕಡೆಯ ಸಂಪುಟಗಳು ಅಚ್ಚಾಗುವ ಮುನ್ನವೇ, 1691ರಲ್ಲಿ, ವಾನ್ ರೀಡ್ ತೀರಿಕೊಂಡನು.

ಈ ಗ್ರಂಥದ ರಚನಾಕ್ರಮವು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಕಾಡುಮೇಡುಗಳನ್ನು ಬಲ್ಲ ಸ್ಥಳೀಯರು ಗಿಡಗಳನ್ನು ತಂದರು. ಚಿತ್ರಕಾರರು ಅವನ್ನು ಬರೆದರು. ನಾಡವೈದ್ಯರು ಹೆಸರನ್ನೂ ಗುಣವನ್ನೂ ಹೇಳಿದರು. ಹೇಳಿದ್ದನ್ನು ಭಾಷೆಯಿಂದ ಭಾಷೆಗೆ ಪರಿವರ್ತಿಸಿ ಕೊನೆಗೆ ಲ್ಯಾಟಿನ್ನಿಗೆ ತಂದರು. ಹೆಸರು ಹೇಳಿದವರಲ್ಲಿ ಪ್ರಮುಖನು ಚೇರ್ತಲೆಯ ಬಳಿಯ ಕಡಕ್ಕರಪ್ಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಚುದನ್. ಅವನ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರಿದ್ದರು. ಇವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲನೆಯ ಸಂಪುಟದಲ್ಲಿ ಅವರವರ ಲಿಪಿಯಲ್ಲಿಯೇ ಅಚ್ಚಾಗಿವೆ. ನಮ್ಮ ಕರಾವಳಿಯಲ್ಲಿಯೂ ಬಳಕೆಯಲ್ಲಿರುವ ಕೊಂಕಣಿಯು ನಾಗರಿ ಲಿಪಿಯಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಸಸ್ಯವನ್ನು ಗುರುತಿಸಿದವನ ಹೆಸರನ್ನೂ ಅವನ ಮಾತನ್ನೂ ಸಸ್ಯದ ಚಿತ್ರದೊಡನೆಯೇ ಉಳಿಸಬೇಕೆಂಬ ವಿವೇಕವು ಆ ಕಾಲಕ್ಕೆ ಅಪೂರ್ವವಾದುದು.

ಸ್ಥಳೀಯರು ಕೊಟ್ಟ ಹೆಸರುಗಳು ಬರಿಯ ಗುರುತಿನ ಚೀಟಿಗಳಾಗಿರಲಿಲ್ಲ. ಅವುಗಳಲ್ಲಿ ಒಂದು ವರ್ಗೀಕರಣವೇ ಅಡಗಿತ್ತು. ಮರಗಳ ಮೇಲೆ ಬೆಳೆಯುವ ಆರ್ಕಿಡ್ ಸಸ್ಯಗಳಿಗೆ ಗ್ರಂಥದಲ್ಲಿ 'ಮರವಾಳ' ಎಂಬ ಸಮಾನ ಪದವು ಅಂತ್ಯದಲ್ಲಿ ಬರುತ್ತದೆ. 'ಆಞ್ಞಿಲಿ ಮರವಾಳ' ಎಂಬುದು ನಮ್ಮ ಮಲೆನಾಡಿನವರು ಸೀತಾಳೆದಂಡೆ ಎಂದು ಕರೆಯುವ ಸಸ್ಯ. ಮಲೆಯಾಳದ 'ವಾಳ' ಎಂಬುದೂ ಕನ್ನಡದ 'ಬಾಳೆ' ಎಂಬುದೂ ಒಂದೇ ಮಾತಿನ ಎರಡು ರೂಪಗಳು. ಕನ್ನಡದಲ್ಲಿಯೂ ಇಂಥ ಸಸ್ಯಗಳಿಗೆ ಮರಬಾಳೆ ಎಂಬ ಹೆಸರುಂಟು. ಯೂರೋಪಿನ ಶಾಸ್ತ್ರಜ್ಞರು ಜಾತಿ, ಪ್ರಭೇದಗಳೆಂಬ ಜೋಡಿಹೆಸರಿನ ಪದ್ಧತಿಯನ್ನು ನೆಲೆಗೊಳಿಸುವ ಮೊದಲೇ ನಮ್ಮ ನಾಡವೈದ್ಯರು ವಿಶೇಷಣ ಮತ್ತು ವಿಶೇಷ್ಯಗಳಿಂದ ಕೂಡಿದ ಇಂಥ ಹೆಸರುಗಳನ್ನು ಬಳಸುತ್ತಿದ್ದರೆಂಬುದು ಗಮನಾರ್ಹ.

೨. ಚಿತ್ರವೇ ಪ್ರಮಾಣವಾದಾಗ

1753ರಲ್ಲಿ ಸ್ವೀಡನ್ನಿನ ಲಿನೇಯಸನು ಸಸ್ಯಗಳ ಜೋಡಿಹೆಸರುಗಳನ್ನು ಪ್ರಕಟಿಸಿದಾಗ ಭಾರತದ ಅನೇಕ ಸಸ್ಯಗಳಿಗೆ ವಾನ್ ರೀಡನ ಗ್ರಂಥವನ್ನೇ ಆಧಾರವಾಗಿ ಹಿಡಿದನು. ಅವನು ಭಾರತಕ್ಕೆ ಬಂದವನಲ್ಲ. ವಾನ್ ರೀಡನ ಗಿಡಗಳನ್ನು ಒಣಗಿಸಿ ಕಾಯ್ದಿಟ್ಟ ಮಾದರಿಗಳೂ ಇರಲಿಲ್ಲ. ಆದಕಾರಣ ಹಲವು ಸಸ್ಯಗಳ ವಿಷಯದಲ್ಲಿ, ಶಾಸ್ತ್ರೀಯ ಹೆಸರು ಯಾವ ವಸ್ತುವಿಗೆ ಸಲ್ಲುತ್ತದೆಂಬುದನ್ನು ತೀರ್ಮಾನಿಸುವ ಆಧಾರಮಾದರಿಯ ಸ್ಥಾನವು ಇಂದಿಗೂ ಹೋರ್ಟಸಿನ ಚಿತ್ರಕ್ಕೇ ಇದೆ. ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಲಾರದು. ನಮ್ಮ ಹೊಂಗೆಯ 'ಪೊಂಗಾಮಿಯ' ಎಂಬ ಹೆಸರೂ ಏಲಕ್ಕಿಯ 'ಎಲೆಟ್ಟೇರಿಯ' ಎಂಬ ಹೆಸರೂ ಮಲಬಾರಿನ ಮಾತುಗಳಿಂದಲೇ ಬಂದವು.

ಆದರೆ ಈ ಗೌರವಕ್ಕೆ ತೆರಬೇಕಾದ ಬೆಲೆಯೂ ಇತ್ತು. ಚಿತ್ರಕಾರನು ಬಿಡಿಸದೆ ಬಿಟ್ಟ ಅಂಶವನ್ನು ಮುಂದಿನವರು ಯಾವ ಸೂಕ್ಷ್ಮದರ್ಶಕದಿಂದಲೂ ಕಾಣಲಾರರು. ಇದರಿಂದಾಗಿ ಕೆಲವು ಚಿತ್ರಗಳ ಅರ್ಥದ ಬಗ್ಗೆ ಚರ್ಚೆಯು ಶತಮಾನಗಳವರೆಗೆ ಮುಂದುವರಿಯಿತು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಕಾಡಿನ ಮರಗಳ ಕನ್ನಡ ಹೆಸರುಗಳನ್ನು ಊರವರ ಬಾಯಿಂದ ಕೇಳಿ ಪಟ್ಟಿಮಾಡಿದವನು, ಮುಂದೆ 1822ರಿಂದ ಲಂಡನ್ನಿನ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಹೋರ್ಟಸಿಗೆ ವ್ಯಾಖ್ಯಾನವನ್ನು ಬರೆಯತೊಡಗಿದನು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದ ಕೆ. ಎಸ್. ಮಣಿಲಾಲರು ಬೇರೊಂದು ಮಾರ್ಗವನ್ನು ಹಿಡಿದರು. ಚಿತ್ರವನ್ನು ಚಿತ್ರದಿಂದಲೇ ಬಿಡಿಸಲಾಗದು, ಗಿಡವಿರುವ ಎಡೆಗೇ ಹೋಗಬೇಕು ಎಂದು ನಿಶ್ಚಯಿಸಿ, ಅವರು ಗ್ರಂಥೋಕ್ತ ಸಸ್ಯಗಳನ್ನು ಮಲಬಾರಿನ ನೆಲದಲ್ಲಿ ಮತ್ತೆ ಹುಡುಕಿ ಸಂಗ್ರಹಿಸಿದರು. 1988ರಲ್ಲಿ ಡಾನ್ ನಿಕಲ್ಸನ್ ಮತ್ತು ಸಿ. ಆರ್. ಸುರೇಶ್ ಅವರೊಡನೆ ಈ ಸಸ್ಯಗಳ ನಿರ್ಣಯವನ್ನು ಪ್ರಕಟಿಸಿದರು. 2003ರಲ್ಲಿ ಇಡೀ ಗ್ರಂಥದ ಇಂಗ್ಲಿಷ್ ಆವೃತ್ತಿಯನ್ನು ಕೇರಳ ವಿಶ್ವವಿದ್ಯಾನಿಲಯದಿಂದ ಹೊರತಂದರು. ಈ ನಿಕಲ್ಸನ್ನರೇ ಬೆಂಗಳೂರಿನ ಸಂತ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ದಾನಾ ಅವರೊಡನೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನು ಸಂಪಾದಿಸಿದವರೆಂಬುದನ್ನು ಇಲ್ಲಿ ನೆನೆಯಬಹುದು.

೩. ಹೆಸರುಳಿದ ಚಿತ್ರಕಾರರು, ಹೆಸರಳಿದ ಚಿತ್ರಕಾರ

ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ವೈದ್ಯಾಧಿಕಾರಿ ರಾಬರ್ಟ್ ವೈಟ್ ಎಂಬಾತನು 1838ರಿಂದ 1853ರವರೆಗೆ ದಕ್ಷಿಣ ಭಾರತದ ಸಸ್ಯಗಳ 2101 ಚಿತ್ರಫಲಕಗಳನ್ನು ಆರು ಸಂಪುಟಗಳಲ್ಲಿ ಪ್ರಕಟಿಸಿದನು. ವೈಟನಿಗಾಗಿ ಚಿತ್ರ ಬರೆದವರಲ್ಲಿ ರಂಗಯ್ಯ ಮತ್ತು ಗೋವಿಂದು ಎಂಬ ಭಾರತೀಯರು ಮುಖ್ಯರು. ಇವರ ಹೆಸರುಗಳು ಫಲಕಗಳಲ್ಲಿ ಉಳಿದಿವೆ. ಅಷ್ಟೇ ಅಲ್ಲ, 'ರಂಗಿಯ' ಎಂಬ ಸಸ್ಯಜಾತಿಯು ರಂಗಯ್ಯನ ಹೆಸರನ್ನೂ, 'ಗೋವಿಂದೂಯಿಯ' ಎಂದು ವೈಟನು ಕರೆದ ಆರ್ಕಿಡ್ ಜಾತಿಯು ಗೋವಿಂದುವಿನ ಹೆಸರನ್ನೂ ಧರಿಸಿದವು.

ಇದೇ ಕಾಲದಲ್ಲಿ ನಮ್ಮ ಶಿವಮೊಗ್ಗೆಯಲ್ಲಿ ನಡೆದ ಕಾರ್ಯದ ಗತಿ ಬೇರೆ. 1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್, ಮುಂದೆ 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದವನು, ದಿನಕ್ಕೊಂದು ಗಿಡವನ್ನು ಅಭ್ಯಾಸಮಾಡುವ ನಿಯಮವನ್ನಿಟ್ಟುಕೊಂಡು, ಒಬ್ಬ ಚಿತ್ರಕಾರನಿಂದ ಅವುಗಳ ವರ್ಣಚಿತ್ರಗಳನ್ನು ಬರೆಯಿಸಿದನು. ಆ ಚಿತ್ರಗಳು ಇಂದು ಎಡಿನ್‌ಬರೋದ ರಾಜೋದ್ಯಾನದ ಸಂಗ್ರಹದಲ್ಲಿವೆ. ಶಿವಮೊಗ್ಗೆಯ ಬಯಲು ಕಾಡುಗಳ ಗಿಡಗಳು ಅಲ್ಲಿ ಎಲೆ ಹೂವುಗಳ ಬಣ್ಣದೊಡನೆ ಇವೆ, ಬರೆಯಿಸಿದವನ ಹೆಸರಿದೆ, ಬರೆದವನು ಮರಾಠನೆಂಬ ಗುರುತನ್ನು ಬಿಟ್ಟರೆ ಅವನ ಹೆಸರಿಲ್ಲ. ಹೋರ್ಟಸಿನ ಪ್ರಮಾಣಪತ್ರಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಜ್ಞಾನದಾತನ ಹೆಸರನ್ನು ಉಳಿಸುವುದು ತಾನಾಗಿ ಆಗುವ ಕೆಲಸವಲ್ಲವೆಂಬುದು ಮನವರಿಕೆಯಾಗುತ್ತದೆ.

೪. ಛಾಯಾಚಿತ್ರದ ಆಗಮನ

ಛಾಯಾಗ್ರಹಣದ ಆರಂಭದಲ್ಲಿಯೇ ಸಸ್ಯಗಳು ಅದರ ವಿಷಯವಾದವು. 1843ರಲ್ಲಿ ಇಂಗ್ಲೆಂಡಿನ ಆನಾ ಆಟ್ಕಿನ್ಸ್ ಎಂಬ ಮಹಿಳೆಯು ಕಡಲಪಾಚಿಗಳನ್ನು ರಾಸಾಯನಿಕ ಲೇಪಿಸಿದ ಕಾಗದದ ಮೇಲಿಟ್ಟು, ಬಿಸಿಲಿಗೆ ಒಡ್ಡಿ, ನೀಲಿ ಹಿನ್ನೆಲೆಯ ಬಿಳಿಯ ಪಡಿಯಚ್ಚುಗಳನ್ನು ತೆಗೆದು ಪುಸ್ತಕರೂಪದಲ್ಲಿ ಹಂಚತೊಡಗಿದಳು. ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕವೆಂದು ಇದನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಹೀಗಿದ್ದರೂ ಸಸ್ಯಶಾಸ್ತ್ರಜ್ಞರು ಬಹುಕಾಲ ಕೈಚಿತ್ರವನ್ನೇ ಮೆಚ್ಚಿದರು. ಅದಕ್ಕೆ ಸಕಾರಣವಿದೆ. ಚಿತ್ರಕಾರನು ನಿರ್ಣಯಕ್ಕೆ ಬೇಕಾದ ಲಕ್ಷಣಗಳನ್ನು ಆರಿಸಿ, ಹೂವನ್ನು ಸೀಳಿ, ಅಂಡಾಶಯವನ್ನು ದೊಡ್ಡದಾಗಿಸಿ, ಹೂವು ಕಾಯಿಗಳನ್ನು ಒಂದೇ ಹಾಳೆಯಲ್ಲಿ ತೋರಿಸಬಲ್ಲನು. ಛಾಯಾಯಂತ್ರವು ತನ್ನೆದುರಿಗೆ ಬಿದ್ದುದನ್ನೆಲ್ಲ ಸಮನಾಗಿ ಗ್ರಹಿಸುತ್ತದೆ. ಆಯ್ಕೆಯ ಭಾರವೆಲ್ಲ ಅದನ್ನು ಹಿಡಿದವನದು.

ಯಂತ್ರವು ಅಗ್ಗವಾಗಿ ಎಲ್ಲರ ಕೈಗೂ ಬಂದ ಮೇಲೆ ಈ ಭಾರವು ಹಂಚಿಹೋಯಿತು. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ 'ಐನ್ಯಾಚುರಲಿಸ್ಟ್' ಹುಟ್ಟಿತು. ಅದೇ ವರ್ಷ ಭಾರತದಲ್ಲಿ 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಆರಂಭವಾಯಿತು. 2013ರಲ್ಲಿ ಫ್ರಾನ್ಸಿನ ಸಂಶೋಧನಾಸಂಸ್ಥೆಗಳು 'ಪ್ಲಾಂಟ್‌ನೆಟ್' ಎಂಬ ಸಾಧನವನ್ನು ಕೈಫೋನಿಗೆ ಅಳವಡಿಸಿದವು. ಐನ್ಯಾಚುರಲಿಸ್ಟಿನ ಕ್ರಮವು ಸರಳವಾಗಿದೆ. ಚಿತ್ರದೊಡನೆ ದಿನಾಂಕವೂ ಸ್ಥಳವೂ ಇರಬೇಕು. ಸಸ್ಯವು ನೆಟ್ಟು ಬೆಳೆಸಿದ್ದಾಗಿರಬಾರದು. ಹೆಸರು ಸೂಚಿಸಿದವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿದಾಗ ಆ ದಾಖಲೆಯು ಸಂಶೋಧನಾರ್ಹವೆನಿಸುತ್ತದೆ. ಅಂಥವುಗಳಲ್ಲಿ ಬಳಕೆಗೆ ಅನುಮತಿಯಿರುವವು ಜಾಗತಿಕ ಜೀವವೈವಿಧ್ಯ ದತ್ತಕೋಶಕ್ಕೆ ಸೇರುತ್ತವೆ. 2017ರಿಂದ ಯಂತ್ರವೇ ಹೆಸರುಗಳನ್ನು ಸೂಚಿಸುವ ಏರ್ಪಾಡು ಸೇರಿದೆ. ಪ್ಲಾಂಟ್‌ನೆಟ್‌ನಲ್ಲಿ ಎಲೆ, ಹೂವು, ಕಾಯಿ, ತೊಗಟೆಗಳೆಂದು ಅಂಗವನ್ನು ಗುರುತಿಸಿ ಚಿತ್ರ ಒಪ್ಪಿಸುವ ಕ್ರಮವಿದೆ. ಕೈಚಿತ್ರಕಾರನ ಹಳೆಯ ವಿವೇಕವು ಹೊಸ ರೂಪದಲ್ಲಿ ಮರಳಿರುವುದನ್ನು ಇಲ್ಲಿ ಕಾಣಬಹುದು.

೫. ವಿಮರ್ಶೆ

ಈ ಏರ್ಪಾಡಿನ ಲಾಭವು ಸ್ಪಷ್ಟವಾಗಿದೆ. ಗ್ರಂಥಕರ್ತನು ಒಂದು ಜಿಲ್ಲೆಯಲ್ಲಿ ಕೆಲವು ಋತುಗಳನ್ನು ಮಾತ್ರ ಕಳೆಯಬಲ್ಲನು. ಊರವರು ವರ್ಷವಿಡೀ ಅಲ್ಲಿಯೇ ಇರುತ್ತಾರೆ. ಯಾವ ಹೂವು ಎಂದು ಅರಳಿತು, ಯಾವ ಹೊರನಾಡ ಕಳೆ ಎಲ್ಲಿಯವರೆಗೆ ಹಬ್ಬಿತು ಎಂಬುದನ್ನು ಇಷ್ಟು ವಿಸ್ತಾರವಾಗಿ ಯಾವ ಇಲಾಖೆಯೂ ದಾಖಲಿಸಲಾರದು.

ಆದರೆ ಬಹುಮತವು ಸತ್ಯಕ್ಕೆ ಪರ್ಯಾಯವಲ್ಲ. ಕುರಿಂಜಿಯನ್ನು ನೋಡಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯು ಮುನ್ನಾರಿನ ಬೆಟ್ಟಗಳಲ್ಲಿ 2006ರಲ್ಲಿಯೂ 2018ರಲ್ಲಿಯೂ ಅರಳಿತು. ಅದೇ ಜಾತಿಗೆ ಸೇರಿದ ಅನೇಕ ಪ್ರಭೇದಗಳು ನಮ್ಮ ಘಟ್ಟಗಳಲ್ಲಿಯೂ ಉಂಟು. ಅವುಗಳ ಹೂಬಿಡುವ ಅವಧಿ ಒಂದೇ ತೆರನಲ್ಲ. ದೂರದಿಂದ ತೆಗೆದ ನೀಲಿ ಬೆಟ್ಟದ ಚಿತ್ರದಲ್ಲಿ ಇವೆಲ್ಲ ಒಂದೇ ಆಗಿ ತೋರಿ, ಎಲ್ಲಕ್ಕೂ ಒಂದೇ ಪ್ರಸಿದ್ಧ ನಾಮವು ಅಂಟಿಕೊಳ್ಳುತ್ತದೆ. ಹೂಗೊಂಚಲಿನ ಎಸಳೆಲೆ, ರೋಮ, ಕೇಸರಗಳನ್ನು ಹತ್ತಿರದಿಂದ ತೋರಿಸದ ಚಿತ್ರವು ಇಲ್ಲಿ ಸಾಕ್ಷಿಯಾಗಲಾರದು. ಹುಲ್ಲುಗಳಿಗೂ ನೇರಳೆಯ ಬಳಗಕ್ಕೂ ಇದೇ ಮಾತು ಸಲ್ಲುತ್ತದೆ. ಜಜ್ಜಿದ ಎಲೆಯ ವಾಸನೆಯೂ ತೊಗಟೆಯ ರುಚಿಯೂ ಯಾವ ಚಿತ್ರದಲ್ಲಿಯೂ ಬಾರವು. ನಾಡವೈದ್ಯನ ನಿರ್ಣಯಕ್ಕಾದರೋ ಅವು ಮುಖ್ಯ ಆಧಾರಗಳು.

ಹೆಸರಿನ ಗೊಂದಲವು ಕೇವಲ ಪಂಡಿತರ ವಿವಾದವಲ್ಲ. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಎರಡೂ ಬೇರೆಬೇರೆ ಕುಟುಂಬದ ಸಸ್ಯಗಳು. ಹೋರ್ಟಸಿನಲ್ಲಿ ಇವೆರಡೂ ಬೇರೆಬೇರೆ ಹೆಸರಿನಿಂದ ಬೇರೆಬೇರೆ ಚಿತ್ರಗಳಾಗಿ ಬಂದಿವೆ. ಅಗ್ನಿಶಿಖೆಯ ವಿಷಗಡ್ಡೆಯನ್ನು ತಿನ್ನುವ ಗೆಣಸೆಂದು ಬಗೆದವರು ಪ್ರಾಣಕ್ಕೇ ಎರವಾದ ಸಂಗತಿಗಳುಂಟು. ಔಷಧಕ್ಕೋ ಆಹಾರಕ್ಕೋ ಗಿಡವನ್ನು ಗುರುತಿಸುವಾಗ ಚಿತ್ರವೊಂದನ್ನೇ ನಂಬುವುದು ಸಲ್ಲದು.

ಇನ್ನೊಂದು ನಷ್ಟವು ಸದ್ದಿಲ್ಲದೆ ಆಗುತ್ತಿದೆ. ಇಂದಿನ ಸಾಧನಗಳು ಚಿತ್ರಕ್ಕೆ ಲ್ಯಾಟಿನ್ ಹೆಸರನ್ನು ಕ್ಷಣಮಾತ್ರದಲ್ಲಿ ಕೊಡುತ್ತವೆ. ಊರಿನವರು ಅದನ್ನು ಏನೆನ್ನುತ್ತಾರೆಂದು ಕೇಳುವ ಅಗತ್ಯವೇ ಚಿತ್ರ ತೆಗೆದವನಿಗೆ ಉಳಿಯುವುದಿಲ್ಲ. ವಾನ್ ರೀಡನು ಈ ಪ್ರಶ್ನೆಯನ್ನು ಮೊದಲು ಕೇಳಿದನು, ಬುಕಾನನ್ನನೂ ಕೇಳಿದನು. ಒಂದು ಊರಿನ ಸಸ್ಯನಾಮಗಳು ಅವನ್ನು ಬಲ್ಲ ಹಿರಿಯರೊಡನೆಯೇ ಅಳಿದುಹೋದರೆ, ಹೋರ್ಟಸಿನ ಚಿತ್ರಗಳನ್ನು ಮಣಿಲಾಲರು ಮತ್ತೆ ಹುಡುಕಿದಂತೆ ಹೆಸರುಗಳನ್ನು ಮತ್ತೆ ಹುಡುಕಲು ಹೋಗುವುದಕ್ಕೆ ಎಡೆಯೇ ಇರುವುದಿಲ್ಲ. ಗಿಡವು ಮತ್ತೆ ಚಿಗುರಬಲ್ಲದು, ನುಡಿಯದ ಹೆಸರು ಚಿಗುರಲಾರದು.

ಆದಕಾರಣ ನಾವು ಈ ಕೆಳಗಿನ ಅಭಿಪ್ರಾಯಗಳಿಗೆ ಬಂದಿದ್ದೇವೆ. ಪ್ರತಿಯೊಂದು ಸಸ್ಯದ ಎಲೆಯ ಎರಡೂ ಮುಖ, ಹೂವಿನ ಒಳಭಾಗ, ಕಾಯಿ, ತೊಗಟೆ ಮತ್ತು ಇಡೀ ಗಿಡದ ಚಿತ್ರಗಳನ್ನು ಅಳತೆಗೋಲಿನೊಡನೆ ತೆಗೆಯಬೇಕು. ಸಂದೇಹವಿರುವಲ್ಲಿ, ಮತ್ತು ಕಾಯಿದೆಯೂ ಗಿಡದ ಸಂಖ್ಯೆಯೂ ಅನುಮತಿಸುವಲ್ಲಿ, ಒಣಗಿಸಿದ ಮಾದರಿಯನ್ನೂ ಸಂಗ್ರಹಾಲಯಕ್ಕೆ ಸೇರಿಸಬೇಕು. ಅಪಾಯದಲ್ಲಿರುವ ಆರ್ಕಿಡ್ ಮುಂತಾದವುಗಳ ನೆಲೆಯನ್ನು ಬಹಿರಂಗಪಡಿಸಬಾರದು. ಕಳ್ಳರಿಗೂ ಆ ನಕ್ಷೆಯು ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ದಾಖಲೆಯಲ್ಲಿಯೂ ಗಿಡದ ಊರಹೆಸರನ್ನು ಬರೆದು, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಊರನ್ನೂ ಸೇರಿಸಬೇಕು. 1675ರಲ್ಲಿ ಕೊಚ್ಚಿಯಲ್ಲಿ ಇಟ್ಟಿ ಅಚ್ಚುದನನ ಮಾತಿಗೆ ಸಂದ ಮರ್ಯಾದೆಯು, ಶಿವಮೊಗ್ಗೆಯ ಆ ಚಿತ್ರಕಾರನಿಗೆ ಸಲ್ಲದೆ ಹೋದ ಮರ್ಯಾದೆಯು, ಇಂದು ಗಿಡ ತೋರಿಸುವ ಪ್ರತಿಯೊಬ್ಬ ಹಳ್ಳಿಗರಿಗೂ ಸಲ್ಲತಕ್ಕದ್ದು.