ಚಳಿಗಾಲದ ಹಕ್ಕಿ ಗಣತಿ: ನಡಿಗೆಯೊಂದು ಮಾಪನವಾದ ಕಥೆ

ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರ ನಡುವೆ ಉತ್ತರ ಅಮೆರಿಕದಲ್ಲಿ ಹತ್ತಾರು ಸಾವಿರ ಜನ ಬೆಚ್ಚನೆಯ ಉಡುಪು ತೊಟ್ಟು, ದುರ್ಬೀನು ಮತ್ತು ಟಿಪ್ಪಣಿ ಪುಸ್ತಕ ಹಿಡಿದು ಹೊಲ, ಕಾಡು, ಕೆರೆದಂಡೆಗಳಲ್ಲಿ ನಡೆಯುತ್ತಾರೆ. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಶಿಕ್ಷಕರು, ಗುಮಾಸ್ತರು, ನಿವೃತ್ತರು, ವಿದ್ಯಾರ್ಥಿಗಳು, ಹೀಗೆ ಎಲ್ಲ ಬಗೆಯವರೂ ಇದ್ದಾರೆ. ದಾರಿ ಬಲ್ಲವರೊಬ್ಬರ ಹಿಂದೆ ಗುಂಪಾಗಿ ನಡೆಯುತ್ತ ಕಂಡ, ಕೇಳಿದ ಪ್ರತಿ ಹಕ್ಕಿಯನ್ನೂ ಎಣಿಸುತ್ತಾರೆ. 1900ರಲ್ಲಿ ಆರಂಭವಾದ ಈ ‘ಕ್ರಿಸ್‌ಮಸ್ ಹಕ್ಕಿ ಗಣತಿ’ ಜೀವಜಗತ್ತಿನ ಬಗೆಗಿನ ಅತಿ ದೀರ್ಘ ದಾಖಲೆಗಳಲ್ಲಿ ಒಂದು. ಹವ್ಯಾಸಿಗಳ ಈ ನಡಿಗೆ ವಿಜ್ಞಾನದ ದತ್ತಾಂಶವಾದುದು ಹೇಗೆ ಎಂಬುದು, ಅಳತೆಯನ್ನೇ ಉಸಿರಾಗಿಸಿಕೊಂಡ ಭೌತವಿಜ್ಞಾನದ ವಿದ್ಯಾರ್ಥಿಗೂ ತಿಳಿಯಬೇಕಾದ ಸಂಗತಿ.

ಟೋಪಿಗಳ ಮೇಲಿನ ಹಕ್ಕಿಗಳು

ಈ ಗಣತಿಯ ಮೂಲಪುರುಷ ಫ್ರಾಂಕ್ ಚಾಪ್‌ಮನ್ (1864–1945). ಕಾಲೇಜು ಪದವಿಯಿಲ್ಲದ ಚಾಪ್‌ಮನ್ ಮೊದಲು ಬ್ಯಾಂಕೊಂದರಲ್ಲಿ ನೌಕರರಾಗಿದ್ದರು. ಅನಂತರ 1888ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯ ಸೇರಿ ಹೆಸರಾಂತ ಪಕ್ಷಿವಿಜ್ಞಾನಿಯಾದರು.

ಆ ಕಾಲದಲ್ಲಿ ಹೆಂಗಸರ ಟೋಪಿಗಳಿಗೆ ಹಕ್ಕಿಗರಿ ಸಿಕ್ಕಿಸುವುದು, ಕೆಲವೊಮ್ಮೆ ಇಡೀ ಹಕ್ಕಿಯನ್ನೇ ಒಣಗಿಸಿ ಕೂರಿಸುವುದು ಷೋಕಿಯಾಗಿತ್ತು. ಅದಕ್ಕಾಗಿ ಬೆಳ್ಳಕ್ಕಿ, ರೀವ ಮುಂತಾದ ಹಕ್ಕಿಗಳ ಮಾರಣಹೋಮ ನಡೆಯುತ್ತಿತ್ತು. 1886ರಲ್ಲಿ ಚಾಪ್‌ಮನ್ ನ್ಯೂಯಾರ್ಕಿನ ವ್ಯಾಪಾರದ ಬೀದಿಗಳಲ್ಲಿ ಎರಡು ಬಾರಿ ಅಡ್ಡಾಡಿ, ಎದುರಾದ ಟೋಪಿಗಳನ್ನು ಎಣಿಸಿದರು. ಒಟ್ಟು 700 ಟೋಪಿಗಳಲ್ಲಿ 542 ಟೋಪಿಗಳ ಮೇಲೆ ಗರಿಗಳಿದ್ದವು. ಅವುಗಳಲ್ಲಿ ಸುಮಾರು 40 ಪ್ರಭೇದಗಳನ್ನು ಅವರು ಗುರುತಿಸಿದರು.

ಇಲ್ಲಿ ಗಮನಿಸಬೇಕಾದುದು 542 ಎಂಬ ಅಂಶವನ್ನಲ್ಲ, 700 ಎಂಬ ಛೇದವನ್ನು. ಗರಿಯಿಲ್ಲದ ಟೋಪಿಗಳನ್ನೂ ಎಣಿಸಿದ್ದರಿಂದಲೇ ‘ನೂರಕ್ಕೆ 77’ ಎಂದು ಹೇಳಲು ಸಾಧ್ಯವಾಯಿತು. ‘ಬಹಳ ಟೋಪಿಗಳಲ್ಲಿ ಗರಿ ಕಂಡೆ’ ಎನ್ನುವುದು ದೂರು. ‘ನೂರಕ್ಕೆ 77’ ಎನ್ನುವುದು ಅಳತೆ.

ಬೇಟೆಯ ಬದಲು ಗಣತಿ

ಕ್ರಿಸ್‌ಮಸ್ ದಿನ ‘ಸೈಡ್ ಹಂಟ್’ ಎಂಬ ಸ್ಪರ್ಧೆ ನಡೆಸುವುದು ಅಮೆರಿಕದ ಹಳ್ಳಿಗಾಡಿನಲ್ಲಿ ರೂಢಿಯಲ್ಲಿತ್ತು. ಎರಡು ಪಂಗಡಗಳಾಗಿ ಬಂದೂಕು ಹಿಡಿದು ಹೊರಟು, ಸಂಜೆಗೆ ಹೆಚ್ಚು ಹಕ್ಕಿ ಮತ್ತು ಪ್ರಾಣಿಗಳನ್ನು ಕೊಂದು ತಂದವರು ಗೆದ್ದಂತೆ. 1899ರಲ್ಲಿ ‘ಬರ್ಡ್-ಲೋರ್’ ಪತ್ರಿಕೆಯನ್ನು ಆರಂಭಿಸಿದ್ದ ಚಾಪ್‌ಮನ್, 1900ರ ಡಿಸೆಂಬರ್ ಸಂಚಿಕೆಯಲ್ಲಿ ಓದುಗರಿಗೆ ಬೇರೊಂದು ಸ್ಪರ್ಧೆಯನ್ನು ಸೂಚಿಸಿದರು. ಹೊರಡುವುದು ಹಾಗೆಯೇ, ಕೊಲ್ಲುವ ಬದಲು ಎಣಿಸುವುದು.

ಆ ಕ್ರಿಸ್‌ಮಸ್ ದಿನ 27 ಜನ 25 ಸ್ಥಳಗಳಲ್ಲಿ ಎಣಿಸಿದರು. ಪೂರ್ವದ ಟೊರಾಂಟೊದಿಂದ ಪಶ್ಚಿಮದ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್‌ವರೆಗೆ ಒಟ್ಟು ಸುಮಾರು 90 ಪ್ರಭೇದಗಳು, 18,500 ಹಕ್ಕಿಗಳು ದಾಖಲಾದವು.

ವರದಿ ಬರೆಯುವ ಕ್ರಮವನ್ನೂ ಚಾಪ್‌ಮನ್ ತಿಳಿಸಿದ್ದರು. ಹಕ್ಕಿಗಳ ಪಟ್ಟಿಗೆ ಮೊದಲು ಆಕಾಶ ಹೇಗಿತ್ತು, ನೆಲದ ಮೇಲೆ ಹಿಮವಿತ್ತೇ, ಗಾಳಿ ಹೇಗಿತ್ತು, ಹೊರಟಾಗ ಉಷ್ಣತೆ ಎಷ್ಟಿತ್ತು, ಹೊರಟಿದ್ದು ಎಷ್ಟು ಗಂಟೆಗೆ, ಮರಳಿದ್ದು ಎಷ್ಟಕ್ಕೆ ಎಂಬುದನ್ನು ನಮೂದಿಸಬೇಕಿತ್ತು. ಟೋಪಿಗಳ ಲೆಕ್ಕದಲ್ಲಿದ್ದ ಛೇದ ಇಲ್ಲಿ ಹೊತ್ತಿನ ರೂಪದಲ್ಲಿ ಮತ್ತೆ ಬಂದಿತು.

ಚಳಿಗಾಲವೇ ಏಕೆ?

ಕ್ರಿಸ್‌ಮಸ್ ರಜೆ ಆಕಸ್ಮಿಕವಾಗಿ ಒದಗಿದ ಅನುಕೂಲವಷ್ಟೇ. ಆದರೆ ಋತುವಿನ ಆಯ್ಕೆ ಚೆನ್ನಾಗಿಯೇ ಇದೆ. ಚಳಿಗಾಲದ ನಡುವೆ ವಲಸೆ ಬಹುಮಟ್ಟಿಗೆ ಮುಗಿದು ಹಕ್ಕಿಗಳು ಒಂದೆಡೆ ನೆಲೆಸಿರುತ್ತವೆ. ಇಂದು ಇಲ್ಲಿ ಎಣಿಸಿದ ಹಿಂಡು ನಾಳೆ ನೂರಾರು ಮೈಲಿ ದಾಟಿ ಇನ್ನೊಬ್ಬರ ಲೆಕ್ಕಕ್ಕೆ ಸೇರುವ ಸಂಭವ ಕಡಿಮೆ. ಅನೇಕ ಮರಗಳ ಎಲೆ ಉದುರಿರುವುದರಿಂದ ಹಕ್ಕಿಗಳು ಸುಲಭವಾಗಿ ಕಾಣುತ್ತವೆ. ನೀರುಹಕ್ಕಿಗಳು ದೊಡ್ಡ ಗುಂಪುಗಳಲ್ಲಿ ಸೇರಿರುತ್ತವೆ.

ತಂಡ-ಗಂಟೆ ಎಂಬ ಏಕಮಾನ

ಇಂದಿನ ಗಣತಿಯ ಘಟಕ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ವ್ಯಾಸದ ವೃತ್ತ. ಇದರ ವಿಸ್ತೀರ್ಣ ಸುಮಾರು 458 ಚದರ ಕಿ.ಮೀ. ಪ್ರತಿ ವೃತ್ತಕ್ಕೂ ಒಬ್ಬ ಸಂಯೋಜಕರು ಇರುತ್ತಾರೆ. ಅವರು ವೃತ್ತವನ್ನು ಭಾಗಗಳಾಗಿ ಹಂಚಿ, ತಂಡಗಳಿಗೆ ದಾರಿ ಗೊತ್ತುಮಾಡುತ್ತಾರೆ. ಹೊಸಬರನ್ನು ಅನುಭವಿಗಳಿರುವ ತಂಡಕ್ಕೇ ಸೇರಿಸುತ್ತಾರೆ. ಗಣತಿ ಒಂದೇ ದಿನ. ಈಗ ವರ್ಷಕ್ಕೆ ಇಂಥ 2,500ಕ್ಕೂ ಹೆಚ್ಚು ವೃತ್ತಗಳಲ್ಲಿ ಗಣತಿ ನಡೆಯುತ್ತದೆ.

ಗೈಗರ್ ಗಣಕ 600 ಎಣಿಕೆ ತೋರಿಸಿತು ಎಂದಷ್ಟೇ ಹೇಳಿದರೆ ವಿಕಿರಣದ ತೀವ್ರತೆ ತಿಳಿಯುವುದಿಲ್ಲ. ಒಂದು ನಿಮಿಷದಲ್ಲೋ ಒಂದು ಗಂಟೆಯಲ್ಲೋ ಎಂಬುದು ಬೇಕು. ಹಕ್ಕಿ ಗಣತಿಯಲ್ಲಿ ಈ ಪಾತ್ರ ವಹಿಸುವುದು ‘ತಂಡ-ಗಂಟೆ’. ಇದು ಕಿಲೋವ್ಯಾಟ್-ಗಂಟೆಯ ಹಾಗೆ ಒಂದು ಗುಣಲಬ್ಧ. ಆರು ಜನ ಒಟ್ಟಾಗಿ 4 ಗಂಟೆ ನಡೆದರೆ ಅದು 24 ಅಲ್ಲ, 4 ತಂಡ-ಗಂಟೆ. ಅವರೇ ಎರಡು ತಂಡಗಳಾಗಿ ಬೇರೆ ಬೇರೆ ದಾರಿ ಹಿಡಿದರೆ 8.

ಒಂದು ವೃತ್ತದಲ್ಲಿ ಮೊದಲ ವರ್ಷ ಒಂದೇ ತಂಡ 6 ಗಂಟೆ ನಡೆದು ಒಂದು ಪ್ರಭೇದದ 120 ಹಕ್ಕಿಗಳನ್ನು ಕಂಡಿತೆನ್ನಿ. ಕೆಲವು ವರ್ಷಗಳ ಅನಂತರ ಮೂರು ತಂಡಗಳು ತಲಾ 5 ಗಂಟೆ ನಡೆದು 225 ಹಕ್ಕಿಗಳನ್ನು ಕಂಡವೆನ್ನಿ. ಬರಿಯ ಮೊತ್ತ ನೋಡಿದವರು ಹಕ್ಕಿಗಳು ಹೆಚ್ಚಿವೆ ಎಂದು ಸಂತೋಷಪಟ್ಟಾರು. ಆದರೆ ತಂಡ-ಗಂಟೆಗೆ 20 ಇದ್ದದ್ದು 15ಕ್ಕೆ ಇಳಿದಿದೆ. ಹೊರಟ ಮತ್ತು ಮರಳಿದ ವೇಳೆಯನ್ನು ಬರೆದಿಡದಿದ್ದರೆ ಈ ಇಳಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಭಾಗಾಕಾರದಿಂದ ಎಲ್ಲವೂ ಸರಿಹೋಗುವುದಿಲ್ಲ. ಶ್ರಮ ಇಮ್ಮಡಿಸಿದರೆ ಎಣಿಕೆ ಇಮ್ಮಡಿಸಬೇಕೆಂದಿಲ್ಲ. ಒಂದು ಕೆರೆಯ ಬಾತುಗಳನ್ನೆಲ್ಲ ಮೊದಲ ಗಂಟೆಯಲ್ಲೇ ಎಣಿಸಿ ಮುಗಿಸಿದರೆ ಎರಡನೆಯ ಗಂಟೆ ಏನನ್ನೂ ಸೇರಿಸುವುದಿಲ್ಲ. ತೀವ್ರ ವಿಕಿರಣದಲ್ಲಿ ಗೈಗರ್ ಗಣಕದ ಓದು ಹಿಂದೆ ಬೀಳುವಂತೆ ಇಲ್ಲಿಯೂ ಸಂತೃಪ್ತ ಸ್ಥಿತಿಯೊಂದಿದೆ, ಕಾರಣ ಮಾತ್ರ ಬೇರೆ. ಇದಕ್ಕೆ ತಕ್ಕ ತಿದ್ದುಪಡಿಯನ್ನು ವಿಲಿಯಂ ಲಿಂಕ್ ಮತ್ತು ಜಾನ್ ಸಾವರ್ ಎಂಬ ವಿಜ್ಞಾನಿಗಳು ರೂಪಿಸಿದರು.

ಮಳೆಯ ದಿನ, ಮಂಜಿನ ದಿನ, ತಪ್ಪಿಸಿಕೊಂಡ ಹಿಂಡು, ಇವೆಲ್ಲ ಯಾದೃಚ್ಛಿಕ ದೋಷಗಳು. ಅನೇಕ ವೃತ್ತಗಳ, ಅನೇಕ ವರ್ಷಗಳ ಸರಾಸರಿಯಲ್ಲಿ ಅವು ಬಹುಪಾಲು ಕರಗಿಹೋಗುತ್ತವೆ. ದುರ್ಬೀನುಗಳು ಉತ್ತಮಗೊಂಡದ್ದು, ಕಾರುಗಳು ಬಂದದ್ದು, ನಡೆಯುವವರು ಹೆಚ್ಚಿದ್ದು, ಇವು ವ್ಯವಸ್ಥಿತ ದೋಷಗಳು. ಇವು ಸರಾಸರಿಯಿಂದ ಹೋಗುವಂಥವಲ್ಲ, ದಾಖಲೆಯಿಂದ ಮಾತ್ರ ತಿದ್ದಬಹುದಾದವು. ಮೊದಲ ದಶಕಗಳ ದಾಖಲೆ ಏಕರೂಪವಾಗಿಲ್ಲದ ಕಾರಣ ಇಂದಿನ ಹೆಚ್ಚಿನ ವಿಶ್ಲೇಷಣೆಗಳು 1960ರ ದಶಕದಿಂದ ಈಚಿನ ದತ್ತಾಂಶವನ್ನೇ ಅವಲಂಬಿಸಿವೆ.

ನಡಿಗೆಗಳು ಹೇಳಿದ ಸುದ್ದಿ

ಇಷ್ಟೆಲ್ಲ ಎಚ್ಚರದ ಫಲವೇನು? 2009ರಲ್ಲಿ ಆಡುಬಾನ್ ಸೊಸೈಟಿ 305 ಪ್ರಭೇದಗಳ 40 ವರ್ಷಗಳ ಗಣತಿಯನ್ನು ಪರಿಶೀಲಿಸಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಪ್ರಭೇದಗಳ ಚಳಿಗಾಲದ ನೆಲೆ ಉತ್ತರಕ್ಕೆ ಸರಿದಿತ್ತು. ಸರಾಸರಿ ಸರಿತ ಸುಮಾರು 35 ಮೈಲಿ. ವಾತಾವರಣ ಬಿಸಿಯಾಗುತ್ತಿರುವುದನ್ನು ಉಷ್ಣತಾಮಾಪಕಗಳು ಹೇಳುತ್ತಿದ್ದಂತೆ ಹಕ್ಕಿಗಳೂ ಹೇಳಿದವು.

ಇನ್ನೂ ಕಳವಳಕಾರಿ ಸುದ್ದಿ ಬಂದದ್ದು 2019ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ. 529 ಪ್ರಭೇದಗಳ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಇದು ನೂರಕ್ಕೆ 29ರಷ್ಟು ಇಳಿಕೆ. ಬೇಸಿಗೆಯ ಸಮೀಕ್ಷೆಯ ಜೊತೆಗೆ, ಅದಕ್ಕೆ ನಿಲುಕದ ಉತ್ತರದ ಪ್ರಭೇದಗಳಿಗಾಗಿ ಚಳಿಗಾಲದ ಗಣತಿಯನ್ನು ಅದರಲ್ಲಿ ಬಳಸಲಾಗಿತ್ತು. ಹವಾಮಾನ ರೇಡಾರ್‌ಗಳು ರಾತ್ರಿ ಹಾರುವ ವಲಸೆ ಹಕ್ಕಿಗಳ ಪ್ರತಿಫಲನವನ್ನೂ ದಾಖಲಿಸುತ್ತವೆ. ಕಾಲ್ನಡಿಗೆಯ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಆ ಉಪಕರಣಗಳೂ ಸುಮಾರು ಒಂದು ದಶಕದ ಅವಧಿಯಲ್ಲಿ ಇಳಿಕೆಯನ್ನೇ ತೋರಿಸಿದವು. ಎರಡು ಸ್ವತಂತ್ರ ವಿಧಾನಗಳು ಒಂದೇ ಕಡೆ ಬೆರಳು ತೋರಿಸಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅದರ ಇಳಿಕೆಯ ವರ್ಷಗಳಲ್ಲಿ ಇಂಥ ವ್ಯವಸ್ಥಿತ ಗಣತಿ ಇರಲಿಲ್ಲ. ಸಾಮಾನ್ಯವಾಗಿ ಕಾಣುವ ಹಕ್ಕಿ ಮೆಲ್ಲನೆ ಕಡಿಮೆಯಾಗುವುದನ್ನು ನೆನಪು ಹಿಡಿಯಲಾರದು. ಲೆಕ್ಕ ಮಾತ್ರ ಹಿಡಿಯಬಲ್ಲದು.

ನಮ್ಮ ಕೆರೆಗಳಲ್ಲಿ

ಭಾರತ ಉಪಖಂಡದಲ್ಲಿ ಇದಕ್ಕೆ ಹತ್ತಿರದ ಕಾರ್ಯಕ್ರಮವೆಂದರೆ 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ. ಇದು ನಡೆಯುವುದು ಜನವರಿಯಲ್ಲಿ. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸೇರುವುದೂ ಈ ಕಾಲದಲ್ಲೇ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಸುಮಾರು 30,000 ಪಕ್ಷಿವೀಕ್ಷಕರ ಪಟ್ಟಿಗಳನ್ನು ಆಧರಿಸಿದೆ. ದೀರ್ಘಾವಧಿಯ ಪ್ರವೃತ್ತಿ ಲೆಕ್ಕ ಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ ಎಂದು ಅದು ತಿಳಿಸುತ್ತದೆ. ಅಲ್ಲಿಯೂ ಛೇದವಿದೆ: ಸಲ್ಲಿಕೆಯಾದ ಪೂರ್ಣ ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಕಂಡಿತು ಎಂಬುದೇ ಲೆಕ್ಕ. ಆ ಕಾರಣದಿಂದ ‘ಕಾಣಲಿಲ್ಲ’ ಎಂಬುದೂ ಒಂದು ದತ್ತಾಂಶ.

ವಿಜ್ಞಾನ ಸಂಘದ ಶಿಕ್ಷಕರು ಜನವರಿಯ ಒಂದು ಬೆಳಿಗ್ಗೆ ಹಕ್ಕಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ವಿದ್ಯಾರ್ಥಿಗಳೊಡನೆ ಊರ ಕೆರೆಯ ಸುತ್ತ ನಡೆಯಬಹುದು. ದುಬಾರಿ ಉಪಕರಣವೇನೂ ಬೇಡ. ಹೊರಟ ವೇಳೆ, ಮರಳಿದ ವೇಳೆ, ನಡೆದ ದಾರಿ, ಹವೆ, ಕಂಡ ಎಲ್ಲ ಪ್ರಭೇದಗಳು ಮತ್ತು ಅವುಗಳ ಸಂಖ್ಯೆ, ಇಷ್ಟನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದು ಶಾಲೆಯ ಕಪಾಟಿನಲ್ಲಿ ಇಡಬೇಕು. ಮುಂದಿನ ವರ್ಷ ಅದೇ ವಾರ, ಅದೇ ದಾರಿಯಲ್ಲಿ ಮತ್ತೆ ನಡೆಯಬೇಕು. ಹತ್ತು ವರ್ಷ ನಡೆಸಿದರೆ ಆ ಕೆರೆಯ ಬಗ್ಗೆ ಬೇರೆಲ್ಲೂ ಸಿಗದ ಮಾಹಿತಿ ಆ ಶಾಲೆಯಲ್ಲಿ ಇರುತ್ತದೆ.