ಆಪಾ ಕೇಳಿದ ಪ್ರಶ್ನೆ

ನಮ್ಮ ನೆರೆಮನೆಯ ಆಪಾ ಒಂದು ಮಧ್ಯಾಹ್ನ ಆಸ್ಪತ್ರೆಯ ಫೈಲನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಬಂದು, ‘ಓದಿ ಹೇಳಮ್ಮ’ ಎಂದರು. ಕ್ಯಾನ್ಸರಿನಿಂದಾಗಿ ಎರಡು ವರ್ಷಗಳ ಹಿಂದೆ ಅವರ ಒಂದು ಸ್ತನವನ್ನು ತೆಗೆಯಲಾಗಿತ್ತು. ಈಗ ವೈದ್ಯರು ಮೂರು ದಾರಿಗಳನ್ನು ಬರೆದುಕೊಟ್ಟಿದ್ದರು: ಸಿಲಿಕೋನ್ ಇಂಪ್ಲಾಂಟ್ ಇಡಿಸಿಕೊಳ್ಳುವುದು, ಹೊಟ್ಟೆಯ ಚರ್ಮ-ಕೊಬ್ಬಿನಿಂದ ಹೊಸ ಸ್ತನ ರಚಿಸಿಕೊಳ್ಳುವುದು, ಇಲ್ಲವೇ ಇದ್ದಂತೆಯೇ ಇರುವುದು. ‘ಜೀವ ಉಳಿಯಿತಲ್ಲ, ಈ ವಯಸ್ಸಿನಲ್ಲಿ ಇನ್ನೇನು ಬೇಕು’ ಎಂದು ಗಂಡ ಹೇಳುತ್ತಾರಂತೆ. ಮಗಳು ಮಾಡಿಸಿಕೊಳ್ಳಿ ಎನ್ನುತ್ತಾಳಂತೆ. ‘ತೆಗೆಯುವಾಗ ಯಾರೂ ನನ್ನನ್ನು ಕೇಳಲಿಲ್ಲ. ಈಗಲೂ ಎಲ್ಲರೂ ಹೇಳುವವರೇ. ಕೇಳುವವರು ಯಾರು?’ ಎಂದರು ಆಪಾ.

ಈ ಪ್ರಶ್ನೆ ಆಪಾ ಒಬ್ಬರದ್ದಲ್ಲ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನೂರು ವರ್ಷಗಳ ಇತಿಹಾಸದ ಉದ್ದಕ್ಕೂ ಇದೇ ಪ್ರಶ್ನೆ ಇದೆ.

1894ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ತಮ್ಮ ಪ್ರಸಿದ್ಧ ಶಸ್ತ್ರಕ್ರಿಯೆಯ ವಿವರಗಳನ್ನು ಪ್ರಕಟಿಸಿದರು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಕ್ರಮ ಅದು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಸುರಕ್ಷಿತ ಎಂಬುದು ಅದರ ಹಿಂದಿನ ನಂಬಿಕೆ. ಬೇರೆಡೆಯ ಚರ್ಮ-ಮಾಂಸವನ್ನು ತಂದು ಗಾಯ ಮುಚ್ಚಿದರೆ ಮರುಕಳಿಸಿದ ರೋಗ ಅದರಡಿ ಅಡಗಿಕೊಂಡೀತು ಎಂಬ ಭಯವೂ ಇತ್ತು. ಸುಮಾರು ಮುಕ್ಕಾಲು ಶತಮಾನ ಈ ಕ್ರಮವೇ ನಡೆಯಿತು.

ಹಾಗೆಂದು ಮರುರಚನೆಯ ವಿದ್ಯೆ ಆಗ ಇರಲೇ ಇಲ್ಲವೆಂದಲ್ಲ. 1895ರಲ್ಲಿ ಜರ್ಮನಿಯ ವಿನ್ಸೆಂಟ್ಸ್ ಚೆರ್ನಿ, ಮಹಿಳೆಯೊಬ್ಬರ ಸೊಂಟದ ಬಳಿಯಿದ್ದ ಕೊಬ್ಬಿನ ಗಂಟನ್ನು ತೆಗೆದು ಸ್ತನದ ಖಾಲಿ ಜಾಗವನ್ನು ತುಂಬಿಸಿದರು. ಆಕೆಯದು ಕ್ಯಾನ್ಸರ್ ಗಡ್ಡೆಯಾಗಿರಲಿಲ್ಲ. 1906ರಲ್ಲಿ ಇಟಲಿಯ ಇಜಿನಿಯೊ ತನ್ಸೀನಿ, ಬೆನ್ನಿನ ಸ್ನಾಯುವನ್ನು ಚರ್ಮದೊಂದಿಗೆ ಮುಂದಕ್ಕೆ ತಿರುಗಿಸಿ ಎದೆಯ ಗಾಯ ಮುಚ್ಚುವ ವಿಧಾನವನ್ನು ವಿವರಿಸಿದರು. ಮುಂದೆ ಅದನ್ನು ಜಗತ್ತು ಮರೆತೇಬಿಟ್ಟಿತು. ಮತ್ತೆ ನೆನಪಾದದ್ದು 1970ರ ದಶಕದಲ್ಲಿ. ವಿದ್ಯೆಯಿತ್ತು, ಅಗತ್ಯವಿದೆ ಎಂಬ ಭಾವನೆ ಇರಲಿಲ್ಲ.

ಆ ಕಾಲದ ಇನ್ನೊಂದು ಪದ್ಧತಿಯನ್ನು ನೆನೆದರೆ ಇಂದು ನಮಗೆ ಮೈ ಜುಮ್ಮೆನ್ನುತ್ತದೆ. ಗಂಟಿದೆಯೆಂದು ಬಂದ ಹೆಣ್ಣಿಗೆ ಅರಿವಳಿಕೆ ಕೊಟ್ಟು, ಗಂಟಿನ ಚೂರನ್ನು ಪರೀಕ್ಷಿಸಿ, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುತ್ತಿದ್ದರು. ಎಚ್ಚರವಾದ ಮೇಲೆ ಆಕೆ ಎದೆಯನ್ನು ಮುಟ್ಟಿ ನೋಡಿಕೊಂಡೇ ತಿಳಿಯಬೇಕಿತ್ತು. 1974ರಲ್ಲಿ ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆಯಷ್ಟೇ ಆಗಲಿ, ಮುಂದಿನದನ್ನು ನಾನು ನಿರ್ಧರಿಸುತ್ತೇನೆ ಎಂದು ಹಟ ಹಿಡಿದರು. 1979ರಲ್ಲಿ ಅವರೂ ಸದಸ್ಯರಾಗಿದ್ದ ಸರಕಾರಿ ತಜ್ಞರ ಸಮಿತಿ ಆ ಪದ್ಧತಿ ಕೊನೆಗೊಳ್ಳಬೇಕೆಂದು ಸಲಹೆ ಮಾಡಿತು. ಬರ್ನಾರ್ಡ್ ಫಿಶರ್ ಅವರ ಅಧ್ಯಯನ 1985ರಲ್ಲಿ ಇನ್ನೊಂದು ಸತ್ಯವನ್ನು ತೋರಿಸಿತು: ಆರಂಭದ ಹಂತದಲ್ಲಿ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಇಡೀ ಸ್ತನ ತೆಗೆಸಿಕೊಂಡವರಷ್ಟೇ ಬದುಕುತ್ತಾರೆ. 2002ರಲ್ಲಿ ಹೊರಬಂದ ಇಪ್ಪತ್ತು ವರ್ಷಗಳ ಲೆಕ್ಕವೂ ಅದನ್ನೇ ಹೇಳಿತು.

ಈ ನಡುವೆ ಮರುರಚನೆಯ ದಾರಿಗಳೂ ತೆರೆದವು. ಸಿಲಿಕೋನ್ ಇಂಪ್ಲಾಂಟ್ 1962ರಲ್ಲಿ ಹ್ಯೂಸ್ಟನ್ ನಗರದಲ್ಲಿ ಮೊದಲು ಬಳಕೆಯಾದದ್ದು ಕ್ಯಾನ್ಸರ್ ರೋಗಿಗಳಿಗಲ್ಲ, ಸ್ತನದ ಗಾತ್ರ ಹೆಚ್ಚಿಸಲು. ಮುಂದಿನ ದಶಕದಲ್ಲಿ ಅದು ಕ್ಯಾನ್ಸರ್ ಗೆದ್ದವರಿಗೂ ಸಿಕ್ಕಿತು. 1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್‌ರ‍್ಯಾಂಫ್ ಹೊಟ್ಟೆಯ ಚರ್ಮ, ಕೊಬ್ಬುಗಳನ್ನು ಸ್ನಾಯುವಿನೊಂದಿಗೆ ಎದೆಗೆ ತರುವ ಕ್ರಮವನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಆ ಸ್ನಾಯುವನ್ನು ಹೊಟ್ಟೆಯಲ್ಲೇ ಉಳಿಸಿ, ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಜೋಡಿಸುವ ಕ್ರಮವೂ ಬಂತು.

ದಾರಿಗಳು ಹೆಚ್ಚಾದಂತೆ ಎಡವಟ್ಟುಗಳೂ ಆದವು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಲಿಕೋನ್ ಜೆಲ್ ಇಂಪ್ಲಾಂಟ್‌ಗಳಿಗೆ ಕಡಿವಾಣ ಹಾಕಿ, 2006ರಲ್ಲಿ ಮತ್ತೆ ಅನುಮತಿ ನೀಡಿತು. ಫ್ರಾನ್ಸಿನ ಪಿಐಪಿ ಕಂಪೆನಿ ಕೈಗಾರಿಕೆಗಳ ಅಗ್ಗದ ಸಿಲಿಕೋನನ್ನು ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. ಅಪರೂಪದ ಒಂದು ಬಗೆಯ ಕ್ಯಾನ್ಸರಿನೊಂದಿಗೆ ನಂಟು ಕಂಡುಬಂದದ್ದರಿಂದ 2019ರಲ್ಲಿ ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು.

ಬೇಡ ಎಂದವರದ್ದೂ ಒಂದು ಇತಿಹಾಸವಿದೆ. ಸ್ತನ ತೆಗೆಸಿಕೊಂಡ ನಂತರ ಕೃತಕ ಸ್ತನ ಧರಿಸದೆ ಹೋದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್‌ಗೆ, ಹೀಗೆ ಬಂದರೆ ಇತರರ ಧೈರ್ಯ ಕುಂದುತ್ತದೆ ಎಂದು ವೈದ್ಯರ ಬಳಿಯ ನರ್ಸ್ ಬುದ್ಧಿ ಹೇಳಿದರಂತೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೇನಾನಿಗೆ ಗಾಯದ ಗುರುತನ್ನು ಅಡಗಿಸಿಕೋ ಎಂದು ಯಾರೂ ಹೇಳುವುದಿಲ್ಲವಲ್ಲ, ನಮಗೇಕೆ ಎಂಬ ಅರ್ಥದ ಮಾತನ್ನು 1980ರ ತಮ್ಮ ಪುಸ್ತಕದಲ್ಲಿ ಅವರು ಬರೆದರು. ಒಂದು ಕಾಲದಲ್ಲಿ ಮರುರಚನೆ ಏಕೆ ಬೇಕು ಎಂದವರೇ ಇನ್ನೊಂದು ಕಾಲದಲ್ಲಿ ಏಕೆ ಬೇಡ ಎಂದು ಕೇಳತೊಡಗಿದ್ದರು. ಎರಡೂ ಸಲ ಹೆಣ್ಣಿನ ಬಾಯಿಯ ಉತ್ತರಕ್ಕೆ ಕಾಯಲಿಲ್ಲ.

ಇಷ್ಟನ್ನು ಆಪಾಗೆ ಹೇಳಿದ ಮೇಲೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಇಂಪ್ಲಾಂಟಿನ ಶಸ್ತ್ರಚಿಕಿತ್ಸೆ ಚಿಕ್ಕದು. ಆದರೆ ಅದು ಆಯುಷ್ಯವಿಡೀ ಬಾಳುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. ರೇಡಿಯೇಷನ್ ಪಡೆದ ಎದೆಯಲ್ಲಿ ಅದರ ತೊಂದರೆಗಳೂ ಹೆಚ್ಚು. ಸ್ವಂತ ಮಾಂಸದ್ದು ದೇಹದ ಭಾಗವಾಗಿಯೇ ಉಳಿಯುತ್ತದೆ. ಆದರೆ ಶಸ್ತ್ರಚಿಕಿತ್ಸೆಗೆ ಹಲವು ತಾಸು ಹಿಡಿಯುತ್ತದೆ, ಹೊಟ್ಟೆಯ ಮೇಲೆ ಇನ್ನೊಂದು ಗಾಯ, ನುರಿತ ವೈದ್ಯರೂ ಬೇಕು, ಹಣವೂ ಬೇಕು. ಯಾವುದರಿಂದಲೂ ಮೊದಲಿನ ಸ್ಪರ್ಶ ಪೂರ್ತಿಯಾಗಿ ಮರಳುವುದಿಲ್ಲ. ಮೂರನೆಯದು, ಇದ್ದಂತೆಯೇ ಇರುವುದು. ಅದೂ ಸೋಲಲ್ಲ. ಆತುರವೂ ಇಲ್ಲ, ವರ್ಷಗಳ ನಂತರವೂ ಮರುರಚನೆ ಸಾಧ್ಯ.

‘ನಿನಗೇನು ಅನ್ನಿಸುತ್ತದೆ?’ ಎಂದು ಆಪಾ ಕೇಳಿದರು. ನಾಲಿಗೆಯ ತುದಿಗೆ ಬಂದ ಉತ್ತರವನ್ನು ನಾವು ತಡೆದುಕೊಂಡೆವು. ಹೇಳುವವರ ಸಾಲಿಗೆ ನಾವೂ ಸೇರುವುದು ಬೇಡವಾಗಿತ್ತು. ‘ನಿಮಗೇನು ಬೇಕು ಆಪಾ?’ ಎಂದೆವು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ಕೇಳಿ, ಫೈಲಿನ ಹಿಂಬದಿಯಲ್ಲಿ ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ಉರ್ದುವಿನಲ್ಲಿ ತಾವೇ ಬರೆದುಕೊಂಡರು. ಹೋಗುವಾಗ ಫೈಲು ದುಪಟ್ಟಾದ ಒಳಗಿರಲಿಲ್ಲ, ಕೈಯಲ್ಲಿತ್ತು.