ಧಾರವಾಡದ ಆ ಹುಡುಗ, ನಮ್ಮ ಓಣಿಯ ಸಾಲಿ



ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿ, ಇತಿಹಾಸ ನನ್ನ ವಿಷಯ. ಈ ಸಂಚಿಕೆಗೆ ಏನಾದ್ರೂ ಬರಿ ಅಂತ ಸಂಘದ ಅಣ್ಣಂದಿರು ಹೇಳಿದಾಗ ನಾನು ಬಾಬಾಸಾಹೇಬರ ಒಂದು ನಿವೇದನೆ ಓದಾಕತ್ತಿದ್ದೆ. ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟದ್ದು ಅದು. ಮುಂಬೈ ಪ್ರಾಂತದಲ್ಲಿ ನಮ್ಮ ಜನರ ಓದು ಹೆಂಗಿತ್ತು ಅನ್ನೋದರ ಬಗ್ಗೆ. ಓದ್ತಾ ಓದ್ತಾ ಅದರಾಗ ಧಾರವಾಡದ ಹೆಸರು ಬಂತು. ಗಡಿಯಾಚೆಯ ಕನ್ನಡದವರಾದ ನಮಗ ಧಾರವಾಡ ಅಂದ್ರ ಪೇಡೆ, ವಿದ್ಯೆ, ಕವಿಗಳ ಊರು. ಈ ಕಥೆ ಮಾತ್ರ ನಮಗ ಯಾರೂ ಹೇಳಿರಲಿಲ್ಲ.

1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಅಂತ ಒಬ್ಬ ಮಹಾರ ಹುಡುಗನ ಅರ್ಜಿ ಮುಂಬೈ ಸರಕಾರಕ್ಕೆ ಹೋಯಿತು. ಬಾಬಾಸಾಹೇಬರು ಕೊಟ್ಟ ಠರಾವಿನಲ್ಲಿ ಆ ಹುಡುಗನ ಹೆಸರಿಲ್ಲ. ಜಾತಿ ಮಾತ್ರ ಅದ. ಜುಲೈ 21ಕ್ಕೆ ಸರಕಾರ ಉತ್ತರ ಕೊಟ್ಟಿತು. ನ್ಯಾಯ ಇವನ ಕಡೆ ಅದ ಅಂತ ಒಪ್ಪಿಕೊಂಡಿತು! ಆದರೆ ಒಬ್ಬಿಬ್ಬರ ಸಲುವಾಗಿ ಬಹುಕಾಲದ ರೂಢಿಗೆ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ದೊಡ್ಡ ಹಾನಿ, ಈ ತೊಂದರೆ ನಾವು ಹುಟ್ಟಿಸಿದ್ದೂ ಅಲ್ಲ ಅಂತ ಕೈ ತೊಳಕೊಂಡಿತು.

ನಾನು ಈ ಭಾಗ ಎರಡು ಸಲ ಓದಿದೆ. ಬೈದಿದ್ದರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ನೀನು ಹೇಳೋದು ಖರೆ, ಆದರೆ ನೀನು ಒಬ್ಬನೇ ಅದಿ, ಅಂದರು.

ಮಾತು ಅಲ್ಲಿಗೇ ಮುಗೀಲಿಲ್ಲ. ಮುಂದಿನ ವರ್ಷ ಗವರ್ನರ್ ಜನರಲ್ ಕಡೆಯಿಂದ ಆಕ್ಷೇಪ ಬಂತು. 1858ರಲ್ಲಿ, ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಹೊಸ ಠರಾವು ಆಯಿತು. ಅದೇ ಠರಾವಿನೊಳಗ ಒಂದು ಕಿಂಡಿ ಇತ್ತು: ಊರಿನವರ ವಂತಿಗೆಯಿಂದಲೂ ನಡೆಯುವ ಶಾಲೆಗೆ, ಅವರು ಬೇಡ ಅಂದರೆ, ನಮ್ಮ ಮಕ್ಕಳನ್ನು ಸೇರಿಸೋ ವಿಚಾರ ಇಲ್ಲ. ಅಂಥ ಶಾಲೆಯ ಅನುದಾನ ನಿಲ್ಲಿಸೋ ಹಕ್ಕು ಮಾತ್ರ ಸರಕಾರ ತನ್ನ ಕೈಯಾಗ ಇಟ್ಟುಕೊಂಡಿತು. ಭೇದ ಮಾಡುವ ಶಾಲೆಗೆ ಅನುದಾನವಿಲ್ಲ ಅಂತ ಖಡಾಖಂಡಿತವಾಗಿ ಹೇಳಲಿಕ್ಕೆ ಮುಂಬೈ ಸರಕಾರಕ್ಕೆ 1923 ಬೇಕಾಯಿತು. ಅರವತ್ತೈದು ವರ್ಷ.

ನಡುವೆ ಏನಾಯಿತು ಅಂತ ಅದೇ ನಿವೇದನೆಯ ಅಂಕಿ ಹೇಳ್ತಾವ. 1881-82ರಲ್ಲಿ ಇಡೀ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳು 2,862. ಮಾಧ್ಯಮಿಕದಲ್ಲಿ 17. ಹೈಸ್ಕೂಲು, ಕಾಲೇಜಿನಲ್ಲಿ ಸೊನ್ನೆ.

ಆ ಸೊನ್ನೆ ಅಳಿಸಲಿಕ್ಕೆ ಬಾಬಾಸಾಹೇಬರು ಮೊದಲು ಕೈ ಹಾಕಿದ್ದು ನಮ್ಮ ಸೋಲಾಪುರದಲ್ಲಿ ಅನ್ನೋದು ನಮ್ಮ ಹೆಮ್ಮೆ. ಸಭೆ ಹುಟ್ಟಿದ್ದು 1924ರ ಜುಲೈನಲ್ಲಿ. 1925ರ ಜನವರಿ 4ಕ್ಕೇ ಸೋಲಾಪುರದಲ್ಲಿ ಹೈಸ್ಕೂಲು ಹುಡುಗರಿಗೆ ವಸತಿಗೃಹ ಶುರುವಾಯಿತು. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದರೆ ಬಾಡಿಗೆ ಖೋಲಿ ಕೊಡೋರು ಯಾರು? ಊಟ ಎಲ್ಲಿ? ಠರಾವಿನಲ್ಲಿ ಬಾಗಿಲು ತೆರೆದಿದ್ದರೂ ಅದರ ತನಕ ನಡೆದು ಹೋಗಲಿಕ್ಕೆ ಅನ್ನ, ಬಟ್ಟೆ, ಮಲಗೋ ಜಾಗ ಬೇಕು ಅಂತ ಅವರಿಗೆ ಗೊತ್ತಿತ್ತು.

ಈಗ ಈಚೆಗೆ ಬರೋಣ. ನಾಲ್ಕು ಮಂದಿ ಕೂತಲ್ಲೆಲ್ಲ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಮಾತು. ಐದನೆಯ ಇಯತ್ತೆವರೆಗಾದರೂ ಮಾತೃಭಾಷೆಯಲ್ಲಿ ಕಲಿಸಬೇಕು ಅಂತ ಅದರಲ್ಲಿ ಅದ. ಕೇಳಲಿಕ್ಕೆ ಛಲೋ. ಸಣ್ಣ ಸಾಲಿಗಳನ್ನು ನಡೆಸೋದು ಕಷ್ಟ, ಅವನ್ನು ಕೂಡಿಸಿ ಸಂಕುಲ ಮಾಡಬೇಕು ಅಂತಲೂ ಅದರಲ್ಲೇ ಅದ. 2023ರ ಸಪ್ಟೆಂಬರದಲ್ಲಿ ನಮ್ಮ ರಾಜ್ಯ ಸರಕಾರ, 20ಕ್ಕಿಂತ ಕಡಿಮಿ ಪಟಸಂಖ್ಯೆಯ ಸಾಲಿಗಳನ್ನು ಸಮೂಹ ಶಾಲೆಗೆ ಸೇರಿಸೋ ಪ್ರಸ್ತಾವ ಕೇಳಿತು. ಇಂಥವು ರಾಜ್ಯದಲ್ಲಿ 14 ಸಾವಿರಕ್ಕೂ ಹೆಚ್ಚು. ಐದು ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ಇನ್ನೊಂದು ಆದೇಶ: ಒಂದು ಕಿಲೋಮೀಟರಿನೊಳಗ ಸರಕಾರಿ ಇಲ್ಲವೇ ಅನುದಾನಿತ ಸಾಲಿ ಇದ್ದರೆ ಖಾಸಗಿ ಸಾಲಿ ಬಡ ಮಕ್ಕಳಿಗೆ 25 ಪ್ರತಿಶತ ಸೀಟು ಕೊಡಬೇಕಿಲ್ಲ. ಒಂದು ಕಡೆ ಸರಕಾರಿ ಸಾಲಿ ಸನಿಹ ಅದ ಅಂತ ಖಾಸಗಿ ಬಾಗಿಲು ಹಾಕೋದು, ಇನ್ನೊಂದು ಕಡೆ ಆ ಸರಕಾರಿ ಸಾಲಿಯನ್ನೇ ದೂರ ಒಯ್ಯೋದು. ಜುಲೈನಲ್ಲಿ ಮುಂಬೈ ಹೈಕೋರ್ಟು ಈ ಫೆಬ್ರುವರಿ ಆದೇಶ ರದ್ದು ಮಾಡಿತು, ಅಷ್ಟು ಉಳಿದೆವು.

ದೊಡ್ಡ ಸಾಲಿ ಆದ್ರ ಇಯತ್ತೆಗೊಬ್ಬ ಮಾಸ್ತರ ಬರ್ತಾರ, ಕಂಪ್ಯೂಟರ್ ಬರ್ತದ ಅಂತ ನಮ್ಮ ಓಣಿಯೊಳಗೇ ಹಿರಿಯರು ವಾದ ಮಾಡ್ತಾರ. ಅದನ್ನು ಪೂರಾ ಸುಳ್ಳು ಅನ್ನಲಾರೆ. ಇಬ್ಬರು ಮಾಸ್ತರ ನಾಲ್ಕು ಇಯತ್ತೆ ಕಲಿಸೋದು ನಾನೂ ಕಂಡೀನಿ. ಆದರೆ ಕನ್ನಡ ಸಾಲಿಯನ್ನು ಯಾವ ಸಾಲಿಗೆ ಕೂಡಿಸ್ತಾರ? ಸನಿಹ ಇರೋದು ಮರಾಠಿ ಸಾಲಿ. ಇನ್ನೊಂದು ಕನ್ನಡ ಸಾಲಿ ಹೆದ್ದಾರಿ ದಾಟಿ. ಆರು ವರ್ಷದ ಹುಡುಗಿಯನ್ನು ದಿನಾ ದಾಟಿಸೋರು ಯಾರು? ಕಬ್ಬು ಕಡಿಯಲಿಕ್ಕೆ ಹೋದ ಅವ್ವ ಅಪ್ಪನೇ?

ನಮ್ಮ ಮುತ್ಯಾ ಮೂರನೇ ಇಯತ್ತೆವರೆಗೆ ಸಾಲಿ ಪಡಸಾಲಿ ಹೊರಗ ಕೂತು ಕಲಿತವರು. ಮಳಿ ಬಂದರೆ ಅವರಿಗೆ ಸೂಟಿ. ಈಗ ನಮ್ಮ ಓಣಿಯ ಸಾಲಿಯಲ್ಲಿ ಮಕ್ಕಳು ಒಳಗ ಕೂಡ್ತಾರ. ಹೋದ ವರ್ಷದ ಪಟಸಂಖ್ಯೆ ಹದಿನೆಂಟು.

ಮೇ ತಿಂಗಳ ಕೊನೆಗೆ ಸಂಘದ ನಾವು ಐದು ಮಂದಿ ಮನಿ ಮನಿಗೆ ಹೋಗಿ ಆರು ತುಂಬಿದ ಮಕ್ಕಳ ಹೆಸರು ಬರಕೊಳ್ಳೋರಿದ್ದೇವೆ. ಜಾತಿ ಅಲ್ಲ, ಹೆಸರು. ಯಾರ ಮನಿಯಾಗ ಜನ್ಮದಾಖಲೆ ಇಲ್ಲವೋ ಅವರು ಮೊದಲೇ ತಿಳಿಸಿದರೆ ಗ್ರಾಮಪಂಚಾಯತಿಗೆ ಕೂಡಿ ಹೋಗೋಣ.